ಅಕ್ಕನ ಪಾಲಿನ ಮಾತ್ರೆಗಳು

ಅಕ್ಕನ ಕೈಬರಹ ಕೆಟ್ಟಿದೆ ಎಂದು ಮೊದಲು ಹೇಳಿದವರು ಅವಳ ಕಾಲೇಜಿನ ಗಣಿತದ ಮೇಷ್ಟ್ರು. ಅಪ್ಪನನ್ನು ಕರೆಸಿ ಉತ್ತರ ಪತ್ರಿಕೆ ತೋರಿಸಿ, "ಲೆಕ್ಕ ಸರಿಯಾಗೇ ಮಾಡ್ತಾಳೆ. ಆದ್ರೆ ಏನು ಬರ್ದಿದಾಳೆ ಅಂತ ನಂಗೇ ಗೊತ್ತಾಗ್ತಿಲ್ಲ. ಬೋರ್ಡ್ ಪರೀಕ್ಷೆಲಿ ಯಾರು ಇಷ್ಟು ಕಷ್ಟಪಟ್ಟು ಓದ್ತಾರೆ ಹೇಳಿ" ಎಂದರಂತೆ. ಅಪ್ಪ ಸಂಜೆ ಬರುವಾಗ ಒಂದು ಹೊಸ ಇಂಕ್ ಪೆನ್ನು ತಂದರು. ಅಕ್ಕ ಅದರಲ್ಲಿ ಬರೆದು ನೋಡಿದಳು. ಅಕ್ಷರಗಳು ಮೊದಲಿಗಿಂತ ಸಣ್ಣದಾಗಿ, ಸಾಲಿನ ಕೊನೆಗೆ ಹೋಗುವಷ್ಟರಲ್ಲಿ ಒಂದರ ಮೇಲೊಂದು ಬಿದ್ದುಕೊಂಡವು.

ಆಗ ನಾವು ಭದ್ರಾವತಿಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ತೊಂಬತ್ತರ ದಶಕದ ನಡುಭಾಗ. ಅಪ್ಪ ಫಿಟ್ಟರ್. ಅಕ್ಕ ಎರಡನೇ ಪಿಯುಸಿ, ನಾನು ಅವಳಿಗಿಂತ ಮೂರು ವರ್ಷ ಚಿಕ್ಕವಳು. ಅಮ್ಮ ಅಪ್ಪನ ಸ್ವಂತ ಅಕ್ಕನ ಮಗಳು, ಸೋದರಮಾವನನ್ನೇ ಮದುವೆಯಾದವಳು. ನಮ್ಮ ಕಡೆ ಅದು ಎಷ್ಟು ಸಾಮಾನ್ಯವೆಂದರೆ ಯಾರೂ ಅದನ್ನು ಒಂದು ವಿಷಯವೆಂದು ಎತ್ತುತ್ತಿರಲಿಲ್ಲ. ಹಾಗಾಗಿ ನಮ್ಮ ಅಜ್ಜಿ, ಅಂದರೆ ಅಮ್ಮನ ಅಮ್ಮ, ಅಪ್ಪನಿಗೆ ಅತ್ತೆಯೂ ಹೌದು, ಒಡಹುಟ್ಟಿದವಳೂ ಹೌದು. ಅಪ್ಪ ಅವಳನ್ನು ಕೊನೆಯವರೆಗೂ "ಅಕ್ಕ" ಎಂದೇ ಕರೆದರು. ಚಿಕ್ಕವರಿದ್ದಾಗ ನಮಗೆ ಅದೊಂದು ತಮಾಷೆಯಾಗಿತ್ತು.

ಕೈಬರಹದ ನಂತರ ರಂಗೋಲಿ ಹೋಯಿತು. ಅಕ್ಕ ಎಳೆ ಎಳೆಯುವುದರಲ್ಲಿ ಗಟ್ಟಿಗಿತ್ತಿ. ನಮ್ಮ ಸಾಲಿನ ಮನೆಗಳವರು ಹಬ್ಬದ ಹಿಂದಿನ ದಿನ ಅವಳನ್ನು ಕರೆದುಕೊಂಡು ಹೋಗುತ್ತಿದ್ದರು. ಆ ವರ್ಷ ದೀಪಾವಳಿಗೆ ಅವಳ ಬೆರಳಿನಿಂದ ಪುಡಿ ಎಲ್ಲೆಲ್ಲೋ ಉದುರಿತು. ಅವಳು ಎದ್ದು ನಿಂತು ಕಾಲಿನಿಂದ ಅದನ್ನು ಒರೆಸಿ ಒಳಗೆ ಹೋದಳು. ಆಮೇಲೆ ಮಾತು ತೊದಲತೊಡಗಿತು, ಬಾಯಿಂದ ಜೊಲ್ಲು ಇಳಿಯತೊಡಗಿತು. ಯಾವಾಗಲೂ ಒಂದು ಕರ್ಚೀಫು ಅವಳ ಮುಷ್ಟಿಯಲ್ಲಿ ಇರುತ್ತಿತ್ತು. ಕಾರಣವಿಲ್ಲದೆ ಸಿಟ್ಟು, ಕಾರಣವಿಲ್ಲದೆ ನಗು. ಪರೀಕ್ಷೆಗೆ ಕೂತಳು, ಮೂರು ವಿಷಯಗಳಲ್ಲಿ ಫೇಲಾದಳು.

ಪಕ್ಕದ ಮನೆಯ ತಮಿಳು ಆಂಟಿ ಬೇಲಿಯ ಆಚೆಯಿಂದ ಅಮ್ಮನಿಗೆ, "ಅಕ್ಕಾ, ಹುಡುಗಿಗೆ ಯಾರೋ ಕಣ್ಣು ಹಾಕ್ಬಿಟ್ಟಿದಾರೆ. ನಮ್ಮ ಕಡೆ ಒಬ್ರು ಇದಾರೆ, ತೋರ್ಸಿ ನೋಡಿ" ಎಂದರು. ಅಮ್ಮ ತೋರಿಸಿದಳು. ಮಠಕ್ಕೂ ಹೋಗಿ ವಿಭೂತಿ ತಂದಳು. ಡಾಕ್ಟರುಗಳಿಗೂ ತೋರಿಸಿದೆವು. ಒಬ್ಬರು ನರದ ವೀಕ್‌ನೆಸ್ ಎಂದು ಇಂಜೆಕ್ಷನ್ ಬರೆದರು. ಇನ್ನೊಬ್ಬರು ಪರೀಕ್ಷೆಯ ಭಯ ಎಂದರು. ಮತ್ತೊಬ್ಬರು ಮನಸ್ಸಿನ ಕಾಯಿಲೆಯೆಂದು ಕೊಟ್ಟ ಮಾತ್ರೆ ತಿಂದ ಮೇಲೆ ಅಕ್ಕನ ಕತ್ತು ಒಂದು ಪಕ್ಕಕ್ಕೆ ಸೆಟೆದುಕೊಂಡು ಹಾಗೇ ನಿಂತಿತು. ಅಪ್ಪ ಆ ಮಾತ್ರೆಗಳನ್ನು ಚರಂಡಿಗೆ ಎಸೆದರು.

ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದು ಬೇರೇನೂ ತೋಚದೆ. ಓದುವಾಗ ಅಕ್ಷರ ಅಲ್ಲಾಡುತ್ತದೆ ಎಂದು ಅಕ್ಕ ಒಂದು ದಿನ ಹೇಳಿದ್ದಳು. ಕನ್ನಡಕ ಬಂದರೆ ಕೈಬರಹವೂ ಸರಿಹೋದೀತು ಎಂದು ಅಮ್ಮನ ಲೆಕ್ಕ. ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದೆವು. ದುರ್ಗಿಗುಡಿಯ ಒಂದು ಮಹಡಿಯ ಮೇಲೆ ಆ ಡಾಕ್ಟರ ಕ್ಲಿನಿಕ್ಕು. ವಯಸ್ಸಾದವರು, ಮೆತ್ತಗೆ ಮಾತಾಡುವವರು. ಅಕ್ಕನ ಗದ್ದವನ್ನು ಯಂತ್ರದ ಮೇಲೆ ಇಡಿಸಿ ಒಂದು ಕಣ್ಣು ನೋಡಿದರು, ಇನ್ನೊಂದು ನೋಡಿದರು, ಮತ್ತೆ ಮೊದಲಿನದಕ್ಕೆ ಬಂದರು. ನಡುಗುವ ತಲೆಯನ್ನು ಅಮ್ಮ ಹಿಂದಿನಿಂದ ಹಿಡಿದುಕೊಂಡಿದ್ದಳು.

"ಇವಳಿಗೆ ಕಾಮಾಲೆ ಏನಾದ್ರೂ ಬಂದಿತ್ತಾ?" ಎಂದು ಅವರು ಕೇಳಿದರು.

"ಚಿಕ್ಕೋಳಿದ್ದಾಗ ಒಂದ್ಸಲ ಬಂದಿತ್ತು. ನಾಟಿ ಔಷಧಿ ಕೊಡ್ಸಿದ್ವಿ, ಹೋಯ್ತು," ಎಂದಳು ಅಮ್ಮ.

"ಮಾತು ಹೀಗಾಗಿ ಎಷ್ಟು ದಿನ ಆಯ್ತು?"

"ವರ್ಷದ ಮೇಲಾಯ್ತು ಡಾಕ್ಟ್ರೇ."

ಅವರು ಕೈಯಲ್ಲಿ ಸಣ್ಣ ಟಾರ್ಚು ಹಿಡಿದು ಅಪ್ಪನನ್ನು ಹತ್ತಿರ ಕರೆದರು. ನಾನೂ ಹೋಗಿ ಇಣುಕಿದೆ. ಅಕ್ಕನ ಕಪ್ಪುಗುಡ್ಡೆಯ ಸುತ್ತ ಅಂಚಿನಲ್ಲಿ ಬಳೆಯಂಥ ಒಂದು ಗೆರೆ ಇತ್ತು. ಹುಣಸೆಹಣ್ಣು ಹಚ್ಚಿ ತಿಕ್ಕದೆ ಬಿಟ್ಟ ತಾಮ್ರದ ಚೊಂಬಿನ ಕಂಠಕ್ಕೆ ಬರುತ್ತದಲ್ಲ, ಕಂದೂ ಅಲ್ಲದ ಹಸಿರೂ ಅಲ್ಲದ ಬಣ್ಣ, ಅದೇ. ಪ್ರತಿದಿನ ಅವಳ ಎದುರು ಕೂತು ಉಂಡ ನಮಗೆ ಯಾರಿಗೂ ಅದು ಕಂಡಿರಲಿಲ್ಲ.

"ಇದು ಕಣ್ಣಿನ ಕಾಯಿಲೆ ಅಲ್ಲ. ಕಣ್ಣಲ್ಲಿ ಕಾಣ್ತಿದೆ ಅಷ್ಟೆ," ಎಂದರು ಡಾಕ್ಟರು. "ತಡ ಮಾಡ್ಬೇಡಿ, ಬೆಂಗಳೂರಿಗೆ ಕರ್ಕೊಂಡು ಹೋಗಿ. ನಾನು ಬರ್ದು ಕೊಡ್ತೀನಿ."

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಅಕ್ಕನ ರಕ್ತ ತೆಗೆದರು, ತಲೆಯ ಚಿತ್ರ ತೆಗೆದರು, ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನು ಪ್ಲಾಸ್ಟಿಕ್ ಕ್ಯಾನಿನಲ್ಲಿ ಹಿಡಿಸಿದರು. ಕೊನೆಗೆ ನಮ್ಮನ್ನು ಕೂರಿಸಿಕೊಂಡು ವಿವರಿಸಿದವರು ಒಬ್ಬ ಯುವ ವೈದ್ಯೆ, ಮೈಸೂರಿನ ಕಡೆಯ ಮಾತಿನವರು. ಕಾಯಿಲೆಗೆ ಒಬ್ಬ ವಿದೇಶಿ ವೈದ್ಯರ ಹೆಸರಿತ್ತು. ಆ ಹೆಸರು ಅಮ್ಮನ ನಾಲಿಗೆಯ ಮೇಲೆ ಒಮ್ಮೆಯೂ ಬರಲಿಲ್ಲ. ಅವಳಿಗೆ ಅದು ಅಂದಿನಿಂದ ಇಂದಿನವರೆಗೆ ತಾಮ್ರದ ಕಾಯಿಲೆ.

"ನಾವು ತಿನ್ನೋ ಅನ್ನ, ಬೇಳೆ, ತರಕಾರಿ ಎಲ್ಲದ್ರಲ್ಲೂ ಒಂಚೂರು ತಾಮ್ರ ಇರುತ್ತೆ," ಎಂದರು ವೈದ್ಯೆ. "ಮೈಗೆ ಅದು ಬೇಕು, ಆದ್ರೆ ಸ್ವಲ್ಪ. ಮಿಕ್ಕಿದ್ದನ್ನ ಲಿವರ್ರು ಪಿತ್ತದ ಜೊತೆ ಹೊರಗೆ ಹಾಕುತ್ತೆ. ಹಾಗೆ ಹಾಕೋದಕ್ಕೆ ಲಿವರಿನ ಕಣದಲ್ಲಿ ಒಂದು ಪ್ರೋಟೀನ್ ಇದೆ. ನಿಮ್ಮ ಮಗಳಿಗೆ ಆ ಪ್ರೋಟೀನ್ ಸರಿಯಾಗಿ ತಯಾರಾಗ್ತಿಲ್ಲ. ಹುಟ್ಟಿದಾಗಿಂದ ತಾಮ್ರ ಒಳಗೇ ಸೇರ್ಕೊಂಡು, ಲಿವರ್ ತುಂಬಿ, ಈಗ ಮಿದುಳಿಗೆ ಹೋಗಿದೆ. ಕಣ್ಣಿಗೂ."

"ನಾವು ತಾಮ್ರದ ಹಂಡೇಲಿ ನೀರು ಕಾಯಿಸ್ತೀವಿ. ಕುಡಿಯೋದೂ ತಾಮ್ರದ ಬಿಂದಿಗೆ ನೀರೇ," ಎಂದಳು ಅಮ್ಮ.

"ಅದ್ರಿಂದ ಬಂದಿದ್ದಲ್ಲಮ್ಮ. ಆ ನೀರು ಕುಡ್ದೋರಿಗೆಲ್ಲ ಬರ್ಬೇಕಿತ್ತಲ್ವಾ?"

ಅಮ್ಮ ತಲೆಯಾಡಿಸಿದಳು. ಒಪ್ಪಿದ ಹಾಗೆ ಕಾಣಲಿಲ್ಲ.

ಆಮೇಲೆ ಆ ವೈದ್ಯೆ ಅಪ್ಪ ಅಮ್ಮ ಸಂಬಂಧದಲ್ಲಿ ಮದುವೆಯಾದವರೇ ಎಂದು ಕೇಳಿದರು. ಹೌದೆಂದು ಹೇಳಿದಾಗ ಬರೆದುಕೊಂಡರು. "ಮನೇಲಿ ಇನ್ನೆಷ್ಟು ಮಕ್ಕಳು?" ಎಂದರು. ಅಪ್ಪ ನನ್ನ ಕಡೆ ಕೈ ತೋರಿಸಿದರು. ನಾನು ಆಗ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಒಂದು ಜಲಪಾತದ ಚಿತ್ರ ನೋಡುತ್ತಿದ್ದೆ. ನನ್ನ ರಕ್ತವನ್ನೂ ತೆಗೆದರು. ನನ್ನ ಕೈಗೂ ಒಂದು ಕ್ಯಾನು ಕೊಟ್ಟರು. ನನಗೆ ಏನೂ ಆಗಿರಲಿಲ್ಲ. ಶಾಲೆಯ ಖೋ ಖೋ ತಂಡದಲ್ಲಿದ್ದೆ.

ವರದಿ ಬರಲು ಕೆಲವು ವಾರ ಹಿಡಿಯಿತು. ಅಪ್ಪ ಎಸ್‌ಟಿಡಿ ಬೂತಿನಿಂದ ಆಸ್ಪತ್ರೆಗೆ ಫೋನ್ ಮಾಡಿದರು. ನಾನು ಬೂತಿನ ಗಾಜಿನ ಹೊರಗೆ ನಿಂತಿದ್ದೆ. ಅವರ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಒಂದೆರಡು ಸಲ ತಲೆ ಆಡಿಸಿದರು. ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ಒಳಗೇ ಇದ್ದರು. ಹೊರಗೆ ಬಂದು ನನ್ನನ್ನು ನೋಡದೆ, "ನಿಂಗೂ ಇದೆಯಂತೆ" ಎಂದರು. ಆಮೇಲೆ, "ಕಬ್ಬಿನ ಹಾಲು ಕುಡೀತೀಯಾ?" ಎಂದರು.

ಕುಡಿದೆವು. ಗಾಣದವನು ಶುಂಠಿ ಹಾಕಲೇ ಎಂದು ಕೇಳಿದ, ನಾನು ಹೂಂ ಎಂದೆ. ಆ ದಿನದ ಬಗ್ಗೆ ನನಗೆ ಆ ಶುಂಠಿಯ ರುಚಿ ಚೆನ್ನಾಗಿ ನೆನಪಿದೆ. ಹೆದರಿದ್ದು, ಅತ್ತಿದ್ದು ಯಾವುದೂ ನೆನಪಿಲ್ಲ. ಅತ್ತಿರಲಿಕ್ಕಿಲ್ಲ.

ಹೀಗೆ ನಾವಿಬ್ಬರೂ ಒಂದೇ ಔಷಧಿಯ ಮೇಲೆ ಬಿದ್ದೆವು. ಬಿಳಿ ಡಬ್ಬಿಯಲ್ಲಿ ಬರುವ ಕ್ಯಾಪ್ಸೂಲುಗಳು. ಮುಚ್ಚಳ ತೆಗೆದರೆ ಹಳೆಯ ಬೆಂಕಿಪೆಟ್ಟಿಗೆಯ ವಾಸನೆ. ಅದು ರಕ್ತದಲ್ಲಿರುವ ತಾಮ್ರವನ್ನು ಹಿಡಿದುಕೊಂಡು ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಲಿವರ್ ಮಾಡದ ಕೆಲಸವನ್ನು ಹೀಗೆ ಬೇರೆ ದಾರಿಯಲ್ಲಿ ಮಾಡಿಸುವುದು ಎಂದು ವೈದ್ಯೆ ಹೇಳಿದ್ದರು. ಭದ್ರಾವತಿಯಲ್ಲಿ ಅದು ಸಿಗುತ್ತಿರಲಿಲ್ಲ, ಶಿವಮೊಗ್ಗದಲ್ಲೂ ಇಲ್ಲ. ಬೆಂಗಳೂರಿಗೆ ಹೋಗಿಬರುವ ಅಪ್ಪನ ಸಹೋದ್ಯೋಗಿಗಳು ತಂದುಕೊಡುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ನುಂಗಿ ಒಂದು ಗಂಟೆ ಏನೂ ತಿನ್ನಬಾರದು, ಜೀವನಪೂರ್ತಿ. ಶೇಂಗಾ, ಗೋಡಂಬಿ, ಚಾಕೊಲೇಟು ಬೇಡ. ಅಮ್ಮ ಡಾಕ್ಟರ ಮಾತು ಕೇಳಿಯೂ ಬಚ್ಚಲಿನ ತಾಮ್ರದ ಹಂಡೆಯನ್ನು ಕೀಳಿಸಿ ಅಜ್ಜಿಯ ಊರಿಗೆ ಕಳಿಸಿಬಿಟ್ಟಳು. ಬಿಂದಿಗೆಯನ್ನೂ. ದೇವರ ಮನೆಯ ಪಂಚಪಾತ್ರೆಯನ್ನೂ.

ಔಷಧಿ ಶುರುವಾದ ಮೇಲೆ ಅಕ್ಕನ ಸ್ಥಿತಿ ಇನ್ನೂ ಕೆಟ್ಟಿತು. ಕಾಯಿಲೆ ಮಿದುಳಿಗೆ ಹೋಗಿರುವ ಕೆಲವರಲ್ಲಿ ಮೊದಲಿಗೆ ಹೀಗಾಗುವುದುಂಟು, ಧೈರ್ಯವಾಗಿರಿ ಎಂದು ಆಸ್ಪತ್ರೆಯವರು ಮೊದಲೇ ಎಚ್ಚರಿಸಿದ್ದರು. ಪ್ರಮಾಣ ಇಳಿಸಿದರು, ನಿಧಾನವಾಗಿ ಏರಿಸಿದರು. ಕೆಲವರು ಮತ್ತೆ ಸುಧಾರಿಸುತ್ತಾರೆ. ಅಕ್ಕ ಸುಧಾರಿಸಲಿಲ್ಲ. ನಡೆಯುವುದು ಹೋಯಿತು, ಆಮೇಲೆ ಕೂರುವುದು. ಅಮ್ಮ ಕ್ಯಾಪ್ಸೂಲನ್ನು ಬಿಡಿಸಿ ಪುಡಿಯನ್ನು ಮೂಸಂಬಿ ರಸದಲ್ಲಿ ಕಲಸಿ ಚಮಚದಲ್ಲಿ ಕೊಡುತ್ತಿದ್ದಳು. ಅರ್ಧ ಒಳಗೆ, ಅರ್ಧ ಹೊರಗೆ. ಅಕ್ಕನಿಗೆ ಕೊಟ್ಟಾದ ಮೇಲೆ ಅದೇ ಡಬ್ಬಿಯಿಂದ ಒಂದು ತೆಗೆದು ನನ್ನ ಅಂಗೈಗೆ ಹಾಕುತ್ತಿದ್ದಳು. ನಾನು ಅದನ್ನು ಒಂದೇ ಗುಟುಕಿಗೆ ನುಂಗಿ, ಒಂದು ಗಂಟೆ ಓದಿಕೊಂಡು, ತಿಂಡಿ ತಿಂದು, ಸೈಕಲ್ ಏರಿ ಹೋಗುತ್ತಿದ್ದೆ.

ಅವಳ ಮಾತು ಕೊನೆಕೊನೆಗೆ ನನಗೊಬ್ಬಳಿಗೇ ತಿಳಿಯುತ್ತಿತ್ತು. ಅಮ್ಮನೂ ನನ್ನನ್ನು ಕರೆದು, "ಏನಂತಾಳೆ ಕೇಳೇ" ಎನ್ನುತ್ತಿದ್ದಳು. ಒಂದು ದಿನ ಶಾಲೆಯಿಂದ ಬಂದು ಅವಳ ಜಡೆ ಹಾಕುತ್ತಿದ್ದಾಗ ಅಕ್ಕ ಏನೋ ಹೇಳಿದಳು. ನನಗೆ ಗೊತ್ತಾಗಲಿಲ್ಲ. ಮತ್ತೆ ಹೇಳಿದಳು. ಅವಳ ಮುಖಕ್ಕೆ ಕಿವಿ ಹತ್ತಿರ ಇಟ್ಟು ಕೇಳಿದೆ. "ನಿಂಗ್ಯಾಕೆ ಏನೂ ಆಗ್ತಿಲ್ಲ?" ಎನ್ನುತ್ತಿದ್ದಳು.

"ಗೊತ್ತಿಲ್ಲ ಕಣೇ ಅಕ್ಕ," ಎಂದೆ.

ಅವಳು ಸಿಟ್ಟಿನಲ್ಲಿ ಕೇಳಿದಳೋ, ಸುಮ್ಮನೆ ತಿಳಿದುಕೊಳ್ಳಲು ಕೇಳಿದಳೋ ಮುಖದಿಂದ ಹೇಳುವ ಹಾಗಿರಲಿಲ್ಲ. ಆ ಮುಖ ಆಗಲೇ ಒಂದೇ ಭಾವದಲ್ಲಿ ನಿಂತುಬಿಟ್ಟಿತ್ತು, ಬಾಯಿ ಸ್ವಲ್ಪ ತೆರೆದು, ನಗುತ್ತಿರುವಂತೆ. ನಾನು ಜಡೆ ಹೆಣೆದು ಮುಗಿಸಿ ರಬ್ಬರ್ ಬ್ಯಾಂಡ್ ಹಾಕಿದೆ. "ಏನಂದ್ಲು?" ಎಂದು ಅಮ್ಮ ಅಡುಗೆಮನೆಯಿಂದ ಕೇಳಿದಳು. "ನೀರು ಬೇಕಂತೆ" ಎಂದೆ.

ಗಂಟಲು ಸರಿಯಾಗಿ ಕೆಲಸ ಮಾಡದೆ ಗಂಜಿ ಶ್ವಾಸಕೋಶಕ್ಕೆ ಹೋಗಿ ಅವಳಿಗೆ ನ್ಯುಮೋನಿಯಾ ಆಯಿತು. ಊರಿನ ಆಸ್ಪತ್ರೆಯಲ್ಲಿ ಒಂದು ವಾರವಿದ್ದಳು. ಒಂದು ಮಧ್ಯಾಹ್ನ, ಅಪ್ಪ ಹಾಲು ತರಲು ಹೊರಗೆ ಹೋಗಿದ್ದಾಗ, ಹೋದಳು. ಅವಳಿಗೆ ಇಪ್ಪತ್ತು ತುಂಬಿರಲಿಲ್ಲ. ಸಂಜೆಯೇ ಮಣ್ಣು ಮಾಡಿದರು.

ಮಾರನೆಯ ದಿನ ಬೆಳಿಗ್ಗೆ ಮನೆಯ ತುಂಬ ಜನ. ನಡುಮನೆಯಲ್ಲಿ ಹೆಂಗಸರು ಸಾಲಾಗಿ ಮಲಗಿದ್ದರು. ನಾನು ಅಜ್ಜಿಯ ಪಕ್ಕದಲ್ಲಿ ಮಲಗಿದ್ದೆ. ಅಮ್ಮ ಅವರನ್ನೆಲ್ಲ ದಾಟಿಕೊಂಡು ಬಂದಳು. ಒಂದು ಕೈಯಲ್ಲಿ ಸ್ಟೀಲ್ ಲೋಟ, ಇನ್ನೊಂದರಲ್ಲಿ ಆ ಡಬ್ಬಿ. ಹಿಂದಿನ ವಾರವಷ್ಟೇ ಅಕ್ಕನಿಗೆಂದು ಬಂದಿದ್ದ ಹೊಸ ಡಬ್ಬಿ.

"ಏಳು. ಖಾಲಿ ಹೊಟ್ಟೇಲಿ ತಗೋಬೇಕು," ಎಂದಳು.

"ಇವತ್ತೊಂದಿನ ಬಿಡೇ ಮಾರಾಯ್ತಿ, ಮಗೂನ ಎಬ್ಬಿಸ್ಬೇಡ," ಎಂದಳು ಅಜ್ಜಿ.

"ಬಿಡಂಗಿಲ್ಲ," ಎಂದಳು ಅಮ್ಮ.

ನಾನು ಎದ್ದು ಕೂತು ನುಂಗಿದೆ. ಬಾಗಿಲಲ್ಲಿ ನಿಂತಿದ್ದ ಅಪ್ಪ ನೋಡುತ್ತಿದ್ದರು. ಅಮ್ಮ ಲೋಟ ವಾಪಸ್ಸು ತೆಗೆದುಕೊಂಡು ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಒಳಗೆ ಹೋದಳು. ಆ ಡಬ್ಬಿ ಮುಗಿಯಿತು, ಅಕ್ಕನ ಹೆಸರಿನಲ್ಲಿ ಬಂದಿದ್ದ ಇನ್ನೊಂದು ಡಬ್ಬಿಯೂ ಮುಗಿಯಿತು. ಅದೇ ಕಾಯಿಲೆ, ಅದೇ ಔಷಧಿ. ಅವಳಿಗೆ ತಡವಾಗಿ ಸಿಕ್ಕಿತು, ನನಗೆ ಅವಳಿಂದಾಗಿ ಬೇಗ ಸಿಕ್ಕಿತು. ಇಷ್ಟೇ ವ್ಯತ್ಯಾಸ. ಅಕ್ಕ ಕೇಳಿದ್ದಕ್ಕೆ ಉತ್ತರ ಅದೇ ಆಗಿತ್ತು. ಅವಳು ಕೇಳಿದಾಗ ನನಗೆ ಅದು ಹೊಳೆದಿರಲಿಲ್ಲ.

ಪಿಯುಸಿ ಆದ ಮೇಲೆ ಬಿಎಸ್‌ಸಿಗೆ ಶಿವಮೊಗ್ಗಕ್ಕೆ ಸೇರಿದೆ. ದಿನಾ ಬಸ್ಸು. ಅಲ್ಲಿ ಎರಡನೇ ವರ್ಷ ನಮಗೆ ತಳಿಶಾಸ್ತ್ರ ಕಲಿಸಿದ ಮೇಡಂ ಬೋರ್ಡಿನ ಮೇಲೆ ಒಂದು ಉದ್ದ ಗೆರೆ ಎಳೆದು, ಡಿಎನ್‌ಎಯಲ್ಲಿ ನಾಲ್ಕೇ ಅಕ್ಷರಗಳಿವೆ, ಮೂರು ಮೂರು ಅಕ್ಷರ ಸೇರಿ ಒಂದು ಅಮೈನೋ ಆಮ್ಲಕ್ಕೆ ಸೂಚನೆ, ಅವುಗಳ ಸರಪಣಿಯೇ ಪ್ರೋಟೀನು, ಸರಪಣಿ ತಕ್ಕ ಹಾಗೆ ಮಡಚಿಕೊಂಡರೆ ಮಾತ್ರ ಅದು ಕೆಲಸ ಮಾಡುತ್ತದೆ ಎಂದು ವಿವರಿಸಿದರು. ಜೀವಕೋಶದಲ್ಲಿ ಕೆಲಸವೆಂದರೆಲ್ಲ ಹೆಚ್ಚುಕಡಿಮೆ ಪ್ರೋಟೀನುಗಳದೇ. ಕಟ್ಟುವುದು, ಒಡೆಯುವುದು, ಒಳಗೆ ಬಿಡುವುದು, ಹೊರಗೆ ಹಾಕುವುದು. ಒಂದು ಅಕ್ಷರ ಬದಲಾದರೆ ಕೆಲವು ಸಲ ಏನೂ ಆಗುವುದಿಲ್ಲ. ಕೆಲವು ಸಲ ಪ್ರೋಟೀನು ತಪ್ಪಾಗಿ ಮಡಚಿಕೊಂಡು, ಹುಟ್ಟಿದ ಜಾಗದಿಂದ ಕದಲದೆ ಉಳಿಯುತ್ತದೆ, ಕಣವೇ ಅದನ್ನು ಹರಿದುಹಾಕುತ್ತದೆ.

ತರಗತಿ ಮುಗಿದ ಮೇಲೆ ನಾನು ಸ್ಟಾಫ್ ರೂಮಿಗೆ ಹೋಗಿ ಕಾಯಿಲೆಯ ಹೆಸರು ಹೇಳಿ ಕೇಳಿದೆ. ನನಗೇ ಇದೆ ಎಂದು ಹೇಳಲಿಲ್ಲ. ಮೇಡಂಗೆ ಅದರ ಬಗ್ಗೆ ಹೆಚ್ಚು ಗೊತ್ತಿರಲಿಲ್ಲ, ಎರಡು ದಿನ ಬಿಟ್ಟು ಬಾ ಎಂದರು. ಹೋದಾಗ ಎಲ್ಲಿಂದಲೋ ಓದಿಕೊಂಡು ಬಂದಿದ್ದರು. ಹದಿಮೂರನೇ ವರ್ಣತಂತುವಿನ ಮೇಲೆ ಆ ವಂಶವಾಹಿ ಇದೆ, ಕಂಡುಹಿಡಿದು ಕೆಲವೇ ವರ್ಷಗಳಾದವು ಎಂದರು. ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಉದ್ದನೆಯ ಪ್ರೋಟೀನು ಅದು. ಲಿವರಿನ ಕಣದಿಂದ ತಾಮ್ರವನ್ನು ಹೊರಕ್ಕೆ ಪಂಪ್ ಮಾಡುವುದು ಅದರ ಕೆಲಸ. ಎಲ್ಲರಲ್ಲೂ ಆ ವಂಶವಾಹಿಯ ಎರಡು ಪ್ರತಿ ಇರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಸಾಕು. ಎರಡೂ ಕೆಟ್ಟಿದ್ದರೆ ಮಾತ್ರ ಕಾಯಿಲೆ.

ನಾನು ಕೇಳಿಸಿಕೊಂಡು, ಥ್ಯಾಂಕ್ಸ್ ಮೇಡಂ ಎಂದು ಹೊರಗೆ ಬಂದೆ. ಅಷ್ಟೊಂದು ಕಾಲ ಅಮ್ಮ ಹರಕೆ ಹೊತ್ತಿದ್ದು, ಹಂಡೆ ಕೀಳಿಸಿದ್ದು, ಅಪ್ಪ ಪೆನ್ನು ತಂದಿದ್ದು, ಎಲ್ಲದರ ಹಿಂದೆ ಇದ್ದದ್ದು ಕಣ್ಣಿಗೆ ಕಾಣದ ಒಂದು ಅಕ್ಷರ. ಹಾಗೆಂದುಕೊಂಡಾಗ ನನಗೆ ಸಮಾಧಾನವಾಗಬೇಕಿತ್ತೋ ಸಿಟ್ಟು ಬರಬೇಕಿತ್ತೋ ತಿಳಿಯಲಿಲ್ಲ. ಎರಡೂ ಬರಲಿಲ್ಲ. ಕ್ಯಾಂಟೀನಿಗೆ ಹೋಗಿ ಇಡ್ಲಿ ತಿಂದೆ. ಔಷಧಿಯಿಂದ ಆ ದಿನಗಳಲ್ಲಿ ನಾಲಿಗೆಗೆ ರುಚಿಯೂ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ.

ಇದನ್ನು ಅಮ್ಮನಿಗೆ ಹೇಳಬೇಕು ಎನ್ನಿಸಿತು, ಹಂಡೆಯ ಯೋಚನೆ ಅವಳ ತಲೆಯಿಂದ ಹೋಗಲಿ ಎಂದು. ಒಂದು ಭಾನುವಾರ ಅವಳು ಅಕ್ಕಿ ಆರಿಸುತ್ತಿದ್ದಾಗ ಹೇಳಿದೆ. ಮೊರದ ಮೇಲಿನ ಅಕ್ಕಿಯನ್ನೇ ಎರಡು ಗುಂಪು ಮಾಡಿ ತೋರಿಸಿದೆ. ಅಜ್ಜಿಗೂ ಅಪ್ಪನಿಗೂ ತಂದೆತಾಯಿ ಒಬ್ಬರೇ. ಅವರಲ್ಲಿ ಯಾರೋ ಒಬ್ಬರಲ್ಲಿ ಆ ಕೆಟ್ಟ ಪ್ರತಿ ಇದ್ದಿರಬೇಕು. ಅದು ಅಪ್ಪನಿಗೂ ಬಂತು, ಅಜ್ಜಿಗೂ ಬಂತು. ಅಜ್ಜಿಯಿಂದ ನಿನಗೆ ಬಂತು. ಯಾರಿಗೂ ಏನೂ ಆಗಲಿಲ್ಲ, ಯಾಕೆಂದರೆ ಇನ್ನೊಂದು ಸರಿಯಿತ್ತು. ನಮ್ಮಿಬ್ಬರಲ್ಲಿ ಎರಡೂ ಬಂದು ಸೇರಿದವು.

ಅಮ್ಮ ಅಕ್ಕಿಯಲ್ಲಿದ್ದ ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟಳು. "ಅಂದ್ರೆ ನಾನು ನಿಮ್ಮಪ್ಪನ್ನ ಮದ್ವೆ ಆಗ್ದಿದ್ರೆ?"

"ಆಗ್ದಿದ್ರೆ ಅಕ್ಕನೂ ಇರ್ತಿರ್ಲಿಲ್ಲ, ನಾನೂ ಇರ್ತಿರ್ಲಿಲ್ಲ. ಬೇರೆ ಯಾರೋ ಹುಟ್ತಿದ್ರು."

"ಅವ್ರು ಚೆನ್ನಾಗಿರ್ತಿದ್ರು."

"ಇರ್ತಿದ್ರೇನೋ."

ಅವಳು ಎರಡು ಗುಂಪನ್ನೂ ಒಟ್ಟು ಮಾಡಿ ಆರಿಸುವುದನ್ನು ಮುಂದುವರಿಸಿದಳು. ಸ್ವಲ್ಪ ಹೊತ್ತಿನ ಮೇಲೆ, "ಹಂಡೆ ಕೊಟ್ಟಿದ್ದು ಸುಮ್ನೆ ಆಯ್ತಲ್ಲ. ಒಳ್ಳೇ ಹಂಡೆ" ಎಂದಳು.

ಡಿಗ್ರಿ ಮುಗಿಸಿ ಬಿ.ಎಡ್. ಮಾಡಿ, ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸಲು ಸೇರಿಕೊಂಡೆ. ಶಾಲೆ ಶಿವಮೊಗ್ಗದ ರವೀಂದ್ರನಗರದ ಹತ್ತಿರ, ಮನೆ ಭದ್ರಾವತಿ. ಆ ದಿನಗಳಲ್ಲಿ ಒಂದು ಸಂಜೆ ವಾಪಸ್ಸು ಬರುವಾಗ ಮಾಚೇನಹಳ್ಳಿಯಲ್ಲಿ ಇಬ್ಬರು ಹುಡುಗಿಯರು ಬಸ್ಸು ಹತ್ತಿದರು. ಅಲ್ಲಿನ ಯಾವುದೋ ಫ್ಯಾಕ್ಟರಿಯ ಕೆಲಸದವರು, ಅಕ್ಕ ತಂಗಿ ಎಂದು ನೋಡಿದರೇ ಗೊತ್ತಾಗುತ್ತಿತ್ತು. ದೊಡ್ಡವಳು ಕೂತ ತಕ್ಷಣ ಚಿಕ್ಕವಳ ತಲೆಯನ್ನು ತನ್ನ ಕಡೆ ತಿರುಗಿಸಿಕೊಂಡು ಕೂದಲಿನಲ್ಲಿದ್ದ ಏನನ್ನೋ ತೆಗೆಯತೊಡಗಿದಳು. "ಅಲ್ಲಾಡ್ಬೇಡ ಕಣೇ" ಎಂದು ಗದರಿದಳು. ನಾನು ಎದ್ದು, ಬಸ್ಸು ಹೊರಡುವ ಮೊದಲು ಇಳಿದುಬಿಟ್ಟೆ. ಇಳಿಯಬೇಕೆಂದು ಯೋಚಿಸಿರಲಿಲ್ಲ. ರಸ್ತೆ ಬದಿಯ ವರ್ಕ್‌ಶಾಪಿನಲ್ಲಿ ಒಬ್ಬಾತ ಕಬ್ಬಿಣದ ಗೇಟನ್ನು ಉಜ್ಜುತ್ತಿದ್ದ, ಕಿಡಿ ಹಾರುತ್ತಿತ್ತು. ಮುಂದಿನ ಬಸ್ಸು ಬರುವವರೆಗೆ ಅದನ್ನೇ ನೋಡುತ್ತ ನಿಂತೆ. ಅಕ್ಕ ಹೋದ ಮೇಲೆ ನನ್ನ ಮೈ ತಾನಾಗಿ ಏನಾದರೂ ಮಾಡಿದ್ದು ಅದೇ ಮೊದಲ ಸಲ.

ಮದುವೆಯ ಮಾತು ಬಂದಾಗ ಅಜ್ಜಿ ಊರಿನಿಂದ ಬಂದಳು. ಅವಳ ಮಗನ ಮಗನಿಗೆ, ಅಂದರೆ ನನ್ನ ಸೋದರಮಾವನ ಮಗನಿಗೆ, ನನ್ನನ್ನು ಕೇಳುವುದೆಂದು ನಿರ್ಧರಿಸಿಕೊಂಡೇ ಬಂದಿದ್ದಳು. ಹುಡುಗ ಒಳ್ಳೆಯವನು, ಶಿಕಾರಿಪುರದ ಕಡೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ.

"ಹೊರಗಿನೋರಿಗೆ ಕೊಟ್ರೆ ಮಾತ್ರೆ ವಿಷ್ಯ ಮುಚ್ಚಿಡ್ಬೇಕಾಗುತ್ತೆ. ನಮ್ಮೋರಾದ್ರೆ ಎಲ್ಲಾ ಗೊತ್ತಿರೋದೇ. ಚೆನ್ನಾಗಿ ನೋಡ್ಕೋತಾನೆ," ಎಂದಳು ಅಜ್ಜಿ.

ಅವಳು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಅಪ್ಪ ಅಮ್ಮ ಇಬ್ಬರೂ ನನ್ನ ಮುಖ ನೋಡಿದರು. ನಾನು ತರಗತಿಯಲ್ಲಿ ಹೇಳುವ ದನಿಯಲ್ಲೇ ಹೇಳಿದೆ: "ಅಜ್ಜಿ, ನನ್ನಲ್ಲಿ ಎರಡೂ ಕೆಟ್ಟಿದೆ. ಅವನಲ್ಲಿ ಒಂದು ಇದ್ರೂ ಇರ್ಬೋದು, ನಿಮ್ಮ ಕಡೆಯಿಂದ. ಇದ್ರೆ ಹುಟ್ಟೋ ಮಕ್ಕಳಲ್ಲಿ ಅರ್ಧಕ್ಕರ್ಧ ಅಕ್ಕನ ಥರ ಆಗುತ್ತೆ."

"ನನ್ನ ಕಡೆಯಿಂದಾನಾ?" ಎಂದಳು ಅಜ್ಜಿ.

ಅವಳಿಗೆ ಅದುವರೆಗೆ ಯಾರೂ ಆ ವಿಷಯ ಹೇಳಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಅಪ್ಪ, "ಯಾರ ಕಡೆಯಿಂದಾದ್ರೂ ಒಂದೇ ಅಕ್ಕ. ನಂಗೂ ನಿಂಗೂ ಬೇರೆ ಬೇರೆ ಕಡೆ ಇದೆಯಾ" ಎಂದರು. ಅಜ್ಜಿ ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು, ಮಧ್ಯಾಹ್ನದ ಬಸ್ಸಿಗೇ ಹೊರಟಳು. ಮತ್ತೆ ಆ ಮಾತು ಎತ್ತಲಿಲ್ಲ. ನನ್ನ ಮದುವೆಗೂ ಬಂದಳು.

ನನ್ನ ಗಂಡ ಶಿವಮೊಗ್ಗದ ನವುಲೆಯ ಕೃಷಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು. ಹಾವೇರಿ ಕಡೆಯವರು, ನಮ್ಮ ಮನೆತನಕ್ಕೆ ಯಾವ ನೆಂಟಸ್ತಿಕೆಯೂ ಇಲ್ಲ. ಹೆಣ್ಣು ನೋಡಲು ಬಂದ ದಿನ ನಾನು ಇಬ್ಬರೇ ಮಾತಾಡಬೇಕೆಂದು ಕೇಳಿ, ಹಿತ್ತಲಿಗೆ ಕರೆದುಕೊಂಡು ಹೋಗಿ, ಎಲ್ಲವನ್ನೂ ಹೇಳಿದೆ. ಅಷ್ಟು ಹೊತ್ತಿಗೆ ಔಷಧಿ ಬದಲಾಗಿತ್ತು. ತಾಮ್ರವನ್ನು ಕರುಳೇ ಹೀರದಂತೆ ತಡೆಯುವ ಸತುವಿನ ಕ್ಯಾಪ್ಸೂಲು ಕೊಡುತ್ತಿದ್ದರು.

ಅವರು ಕೇಳಿಸಿಕೊಂಡು, "ಅದನ್ನ ಬಿಟ್ರೆ ಏನಾಗ್ತದ್ರಿ?" ಎಂದರು.

"ನಿಧಾನಕ್ಕೆ ಅಕ್ಕನಿಗೆ ಆದ ಹಾಗೆ ಆಗುತ್ತೆ."

"ಹಂಗಾದ್ರ ಬಿಡಬ್ಯಾಡ್ರಿ," ಎಂದರು.

ಆಮೇಲೆ ನಮ್ಮ ಹಿತ್ತಲಿನ ನುಗ್ಗೆಮರದ ಬಗ್ಗೆ ಏನೋ ಕೇಳಿದರು. ನಾನು ಆ ಮನುಷ್ಯನನ್ನು ಒಪ್ಪಿಕೊಂಡೆ.

ಬಸುರಿಯಾದಾಗ ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಕೇಳಿಕೊಂಡು ಬಂದೆವು. ಔಷಧಿ ನಿಲ್ಲಿಸಬಾರದು ಎಂದರು. ಗಂಡನ ಕಡೆ ಇಂಥ ಕಾಯಿಲೆಯ ಸುಳಿವಿಲ್ಲದಿರುವುದರಿಂದ ಮಗುವಿಗೆ ಬರುವ ಸಂಭವ ತೀರಾ ಕಡಿಮೆ ಎಂದೂ ಹೇಳಿದರು. ತೀರಾ ಕಡಿಮೆ ಎಂದರೆ ಇಲ್ಲವೆಂದಲ್ಲ ಎಂಬುದು ನನಗೆ ಗೊತ್ತಿತ್ತು. ಗಂಡನಿಗೆ ಅದನ್ನು ಹೇಳಲು ಹೋಗಲಿಲ್ಲ, ಅವರಿಗೂ ಗೊತ್ತಿತ್ತು. ಒಂಬತ್ತು ತಿಂಗಳೂ ನಾನು ಸಂತೋಷಪಡದೆ, ದುಃಖಪಡದೆ, ಶಾಲೆಗೆ ಹೋಗಿ ಬಂದು ಮಾಡಿದೆ. ಸಹೋದ್ಯೋಗಿಗಳು ನನ್ನನ್ನು ಬಹಳ ಧೈರ್ಯಸ್ಥೆ ಎಂದುಕೊಂಡಿದ್ದರು.

ಬಾಣಂತನಕ್ಕೆ ಅಮ್ಮ ನವುಲೆಗೆ ಬಂದಳು. ಹೆಣ್ಣು ಮಗು. ಹುಟ್ಟಿ ತಿಂಗಳಾಗಿರಬೇಕು, ಅಮ್ಮ ಕಾಲು ನೀಡಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ನಾನು ಪಕ್ಕದಲ್ಲಿ ಗೋಡೆಗೆ ಒರಗಿದ್ದೆ. ತಿಕ್ಕುತ್ತ ತಿಕ್ಕುತ್ತ ಅವಳು ಮಗುವಿನ ಮುಖ ನೋಡದೆ ಕೇಳಿದಳು:

"ಇದಕ್ಕೂ ಇದೆಯಾ?"

"ಒಂದು ಇದೆ ಅಮ್ಮ. ನನ್ನಲ್ಲಿರೋದು ಎರಡೂ ಕೆಟ್ಟಿದ್ದೇ, ಅದ್ರಲ್ಲಿ ಒಂದು ಬಂದೇ ಬಂದಿರುತ್ತೆ. ಇನ್ನೊಂದು ಅವ್ರಪ್ಪಂದು. ಅದು ಸರಿಯಾಗಿದ್ರೆ ಇವಳಿಗೆ ಏನೂ ಆಗಲ್ಲ."

"ಸರಿಯಾಗಿದೆಯಾ?"

"ಇರ್ಬೇಕು. ಸ್ವಲ್ಪ ದೊಡ್ಡೋಳಾದ್ಮೇಲೆ ರಕ್ತ ನೋಡ್ತಾರೆ."

"ಅಂದ್ರೆ ನನ್ನ ಹಾಗೆ ಇರ್ತಾಳೆ. ಒಂದಿದ್ದೂ ಏನೂ ಗೊತ್ತಾಗ್ದೆ."

"ಹೌದು. ನಿನ್ನ ಹಾಗೆ."

ಅಮ್ಮ ತಲೆಯಾಡಿಸಿದಳು. ಮಗುವಿನ ಒಂದು ಕೈಯನ್ನು ಹಿಡಿದು, ಮುಷ್ಟಿ ಬಿಡಿಸಿ, ಬೆರಳುಗಳ ಸಂದಿಗೆ ಎಣ್ಣೆ ಹಚ್ಚಿದಳು. ಮಗು ಬೆರಳು ಮಡಚಿತು, ಅವಳು ಮತ್ತೆ ಬಿಡಿಸಿದಳು. ಬಹಳ ಹೊತ್ತು ಒಂದೊಂದೇ ಬೆರಳನ್ನು ಎಳೆದು ನೋಡಿದಳು. ಆಗ ಅಮ್ಮ ಅಳುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಶಬ್ದವಿರಲಿಲ್ಲ. ಎಣ್ಣೆ ಕೈಯಾದ್ದರಿಂದ ಒರೆಸಿಕೊಳ್ಳಲೂ ಆಗದೆ ಮೂಗನ್ನು ಭುಜಕ್ಕೆ ಉಜ್ಜಿಕೊಂಡಳು. ಅಕ್ಕ ಹೋದ ದಿನವೂ ಅವಳು ಅತ್ತಿದ್ದನ್ನು ನಾನು ನೋಡಿರಲಿಲ್ಲ.

ನಾನು ನನ್ನ ಸೆರಗಿನ ತುದಿಯಿಂದ ಅವಳ ಕಣ್ಣು ಒರೆಸಿದೆ. ನನ್ನ ಕಣ್ಣಿನಲ್ಲಿ ಏನೂ ಇರಲಿಲ್ಲ. ಆದರೆ ಎದೆಯಲ್ಲಿ ಹಾಲು ಇಳಿದು ರವಿಕೆ ನೆನೆಯಿತು.

"ಒಂದು ಕಾಲು ಹಿಡ್ಕೋ," ಎಂದಳು ಅಮ್ಮ. "ಒದ್ದಾಡುತ್ತೆ ಇದು."

ಹಿಡಿದುಕೊಂಡೆ.